ಕೊಡೆಯ ಸವಾಲು

"ಈ ಸಲ ಹೆಂಡತಿ ಯಾರು?"

ಕಾನೂನು ಕಾಲೇಜಿನ ಪ್ರಿನ್ಸಿಪಾಲರು ಇದನ್ನು ಯಾರನ್ನೂ ಉದ್ದೇಶಿಸಿ ಕೇಳಲಿಲ್ಲ. ಅಧ್ಯಾಪಕರ ಕೋಣೆಯ ನಡುವೆ ನಿಂತು, ತಲೆಯ ಮೇಲೆ ಕಿರುಗುಡುತ್ತಿದ್ದ ಫ್ಯಾನನ್ನು ಕೇಳಿದಂತೆ ಕೇಳಿ, ಕೈಯಲ್ಲಿದ್ದ ಹಳೆಯ ಕರಿ ಕೋಟನ್ನು ಒಮ್ಮೆ ಕೊಡವಿ, ಎದ್ದ ಧೂಳಿಗೆ ತಾವೇ ಸೀನಿದರು. ಸುತ್ತ ಕೂತಿದ್ದ ಗಂಡಸರು ಪೇಪರಿನಿಂದ ತಲೆ ಎತ್ತಲಿಲ್ಲ. ಪ್ರಶ್ನೆ ತಮ್ಮದಲ್ಲವೆಂದು ಅವರಿಗೆ ಗೊತ್ತಿತ್ತು. ಹೆಂಡತಿಯ ಮಾತು ಬಂದಾಗಲೆಲ್ಲ ಆ ಕೋಣೆಯ ಕಣ್ಣುಗಳು ಕಿಟಕಿಯ ಪಕ್ಕದ ಮೇಜಿನ ಕಡೆ ಹೊರಳುವುದು ವಾಡಿಕೆ. ಅಲ್ಲಿ ಸಾಕ್ಷ್ಯ ಕಾನೂನು ಕಲಿಸುವ ಉಪನ್ಯಾಸಕಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಳು. ಕಣ್ಣುಗಳು ಹೊರಳಿದ್ದನ್ನು ಅವಳು ನೋಡಲಿಲ್ಲ. ಪೇಪರಿನ ಹಾಳೆಗಳ ಸದ್ದು ನಿಂತದ್ದು ಕೇಳಿಸಿತು, ಅಷ್ಟೇ ಸಾಕಾಯಿತು.

ಹೆಂಡತಿ ಬೇಕಾಗಿದ್ದದ್ದು ಪಾಟೀಸವಾಲಿನ ಸ್ಪರ್ಧೆಗೆ. ವರ್ಷಕ್ಕೊಮ್ಮೆ ನಡೆಯುವ ಈ ಸ್ಪರ್ಧೆ ಕಾಲೇಜಿನ ಹೆಮ್ಮೆ. ಹುಡುಗರು ವಕೀಲರಾಗುವುದು ಇಲ್ಲೇ ಎಂದು ಗೋಡೆಯ ಮೇಲೆ ಬರೆಸಿದ್ದಾರೆ. ಮೊಕದ್ದಮೆ ಪ್ರತಿ ವರ್ಷ ಅದೇ. ಹೆಂಡತಿಯೊಬ್ಬಳು ಸಾಕ್ಷಿಕಟ್ಟೆ ಹತ್ತಿ, ಗಂಡ ತನ್ನನ್ನು ಮನೆಯಿಂದ ಹೊರದೂಡಿದ, ಜೀವನಾಂಶ ಕೊಡಿಸಿ ಎನ್ನುತ್ತಾಳೆ. ಸ್ಪರ್ಧಿಗಳು ಒಬ್ಬರಾದ ಮೇಲೊಬ್ಬರು ಎದ್ದು ಅವಳನ್ನು ಪ್ರಶ್ನಿಸಿ, ಅವಳು ದೂಡಿಸಿಕೊಂಡದ್ದಲ್ಲ, ತಾನಾಗಿ ಹೊರಟದ್ದು ಎಂದು ಅವಳ ಬಾಯಿಂದಲೇ ಹೊರಡಿಸಬೇಕು. ಚೆನ್ನಾಗಿ ಹೊರಡಿಸಿದವನಿಗೆ ಬೆಳ್ಳಿ ಬಟ್ಟಲು. ಹೆಂಡತಿಯಾದವಳಿಗೆ ಕರವಸ್ತ್ರಗಳ ಪೆಟ್ಟಿಗೆ. ಇದು ಯಾರ ತಲೆಯಲ್ಲಿ ಹೊಳೆದ ಬಹುಮಾನವೋ ಗೊತ್ತಿಲ್ಲ, ಆ ಪುಣ್ಯಾತ್ಮ ತನ್ನನ್ನು ರಸಿಕನೆಂದೇ ತಿಳಿದಿದ್ದಿರಬೇಕು. ಇನ್ನು ಗಂಡನ ಪಾತ್ರಕ್ಕೆ ಯಾರೂ ಬೇಡ. ಒಂದು ಕುರ್ಚಿ ಹಾಕಿ ಅದರ ಬೆನ್ನಿಗೆ ಆ ಕರಿ ಕೋಟು ತಗುಲಿಸಿದರೆ ಗಂಡ ಹಾಜರು. ಇಷ್ಟು ವರ್ಷಗಳಲ್ಲಿ ಕೋಟನ್ನು ಯಾರೂ ಒಂದೇ ಒಂದು ಪ್ರಶ್ನೆ ಕೇಳಿದ್ದಿಲ್ಲ. ಕೋಟು ಪ್ರತಿ ವರ್ಷವೂ ಗೆದ್ದಿದೆ.

"ಮೇಡಂ," ಎಂದರು ಪ್ರಿನ್ಸಿಪಾಲರು, ಫ್ಯಾನಿನಿಂದ ಉತ್ತರ ಬರದಿದ್ದಾಗ. "ಈ ಸಲ ಮುಖ್ಯ ಅತಿಥಿ ಯಾರು ಗೊತ್ತಲ್ಲ? ನಮ್ಮ ನ್ಯಾಯಮೂರ್ತಿಗಳು. ನಿಮ್ಮ ಕ್ಲಾಸ್‌ಮೇಟು."

"ಒಂದು ವರ್ಷ ಸೀನಿಯರು."

"ಅದೇ. ತಾತ್ಪರ್ಯ ಏನಪ್ಪಾ ಅಂದ್ರೆ, ಹೆಂಡತಿ ಚೆನ್ನಾಗಿರ್ಬೇಕು."

ಎರಡು ಮಾತಿಗೊಮ್ಮೆ ತಾತ್ಪರ್ಯ ಹೇಳುವ ಅಭ್ಯಾಸ ಅವರಿಗೆ. ಹುಡುಗರು ಅವರನ್ನು ಬೆನ್ನ ಹಿಂದೆ ತಾತ್ಪರ್ಯ ಎಂದೇ ಕರೆಯುತ್ತಿದ್ದರು. ಮೂಲವಿಲ್ಲದ ತಾತ್ಪರ್ಯ, ಪಾಪ.

"ಚೆನ್ನಾಗಿ ಅಂದ್ರೆ ಹೇಗೆ ಸರ್?"

"ಅಳೋಕೆ ಬರ್ಬೇಕು. ಹೋದ ವರ್ಷದವಳು ನಕ್ಕುಬಿಟ್ಲು. ಮರ್ಯಾದೆ ಹೋಯ್ತು."

"ಯಾರದ್ದು?"

"ಕೋರ್ಟಿಂದು," ಎಂದರು ಅವರು ಗಂಭೀರವಾಗಿ. "ಈ ವರ್ಷ ಒಬ್ಬ ಹುಡುಗೀನೂ ಹೆಸರು ಕೊಟ್ಟಿಲ್ಲ. ಏನು ಪಾಠ ಮಾಡಿಟ್ಟಿದ್ದೀರಿ ಅವರಿಗೆ?"

"ಸಿಲೆಬಸ್ಸಲ್ಲಿರೋದು."

"ಹಾಂ, ಸಿಲೆಬಸ್ಸು. ಒಳ್ಳೇದು ನೆನಪಿಸಿದ್ರಿ." ಅವರು ಕೋಟನ್ನು ಮಗುವಿನಂತೆ ತೋಳಿಗೆ ಹಾಕಿಕೊಂಡು ಅವಳ ಮೇಜಿಗೆ ಒರಗಿದರು. "ನಿಮ್ಮ ಆ ಕೋರ್ಸಿನ ಕಡತ ನನ್ನ ಮೇಜಿನ ಮೇಲೇ ಇದೆ. ಮೂರು ವರ್ಷದ ಪ್ರಯೋಗ ಮುಗೀತು. ಮುಂದುವರಿಸ್ಬೇಕಾ ನಿಲ್ಲಿಸ್ಬೇಕಾ ಅಂತ ಕಾಲೇಜಿನ ಪರಿಷತ್ತು ನನ್ನ ಮಾತು ಕೇಳುತ್ತೆ. ನೀವೊಂದು ಹುಡುಗಿ ಹುಡುಕಿಕೊಡಿ, ನಾನೊಂದು ಸಹಿ ಹಾಕ್ತೀನಿ. ಇಬ್ಬರಿಗೂ ಭಾರ ಇಳಿಯುತ್ತೆ."

ಅವಳ ಕೋರ್ಸಿನ ಹೆಸರು 'ಸಾಕ್ಷಿಕಟ್ಟೆಯಲ್ಲಿ ಹೆಂಗಸು'. ಹೆಂಗಸಿನ ಮಾತನ್ನು ಕೋರ್ಟುಗಳು ಹೇಗೆ ಕೇಳುತ್ತವೆ, ಯಾವುದನ್ನು ನಂಬುತ್ತವೆ, ಯಾವುದಕ್ಕೆ ನಗುತ್ತವೆ ಎಂಬುದನ್ನು ತೀರ್ಪುಗಳನ್ನೇ ಇಟ್ಟುಕೊಂಡು ಓದಿಸುವ ಪಾಠ. ಹತ್ತು ವರ್ಷ ಅರ್ಜಿ ಹಾಕಿ, ಅಲೆದು, ಕಾದು ಪಡೆದದ್ದು. ಕೊಟ್ಟಿದ್ದೂ ಎಂಥಾ ಜಾಗ: ಮೇಲಿನ ಮಹಡಿಯ ಮೂಲೆ ಕೋಣೆ, ಶನಿವಾರ ಮಧ್ಯಾಹ್ನ, ಕಾಲೇಜಿನ ಅರ್ಧಕ್ಕರ್ಧ ಮನೆಗೆ ಹೊರಟ ಮೇಲೆ. ಆದರೂ ಬೆಂಚುಗಳು ತುಂಬುತ್ತಿದ್ದವು. ಈ ಪಾಠ ನಿಂತುಹೋದರೆ ಮತ್ತೆ ಬರುವುದು ತಾನು ನಿವೃತ್ತಳಾದ ಮೇಲೆಯೇ, ಬಂದರೆ, ಎಂದು ಅವಳಿಗೆ ಖಚಿತವಾಗಿ ಗೊತ್ತಿತ್ತು.

"ನೋಡ್ತೀನಿ ಸರ್," ಎಂದಳು.

ಪ್ರಿನ್ಸಿಪಾಲರು ಅದನ್ನು ಒಪ್ಪಿಗೆಯೆಂದು ದಾಖಲಿಸಿಕೊಂಡು, ಕೋಟನ್ನು ಹೊತ್ತು ಹೊರಟರು.

ಆ ಕಾರಿಡಾರಿನಲ್ಲಿ, ನೀರಿನ ಫಿಲ್ಟರಿನ ಮೇಲೆ, ಒಂದು ಫೋಟೊ ತೂಗುಹಾಕಿದೆ. ಕಟಕಟೆಯೊಳಗೆ ನಿಂತು ಅಳುತ್ತಿರುವ ಹತ್ತೊಂಬತ್ತರ ಹುಡುಗಿ, ಎದುರಿಗೆ ಗೌನು ತೊಟ್ಟ ಯುವಕ, ಹಿಂದೆ ಹಲ್ಲು ಕಾಣುವ ಸಭೆ. ಹುಡುಗಿ ಈ ಉಪನ್ಯಾಸಕಿ. ಯುವಕ ಈಗಿನ ನ್ಯಾಯಮೂರ್ತಿ. ಇಷ್ಟು ವರ್ಷ ಅವಳು ದಿನಾ ಆ ಫೋಟೊದ ಕೆಳಗೆ ನಿಂತು ಬಾಟಲಿಗೆ ನೀರು ತುಂಬಿಕೊಂಡಿದ್ದಾಳೆ.

ಅವತ್ತು ನಡೆದದ್ದು ಇಷ್ಟು. ಹೆಂಡತಿಯ ಕತೆಯನ್ನು ಅವಳಿಗೆ ಅರ್ಧ ಪುಟದಲ್ಲಿ ಬರೆದುಕೊಟ್ಟಿದ್ದರು: ಜಗಳವಾಯಿತು, ಗಂಡ ಹೊರಗೆ ನೂಕಿದ, ಬಾಗಿಲು ಹಾಕಿಕೊಂಡ. ಯುವಕ ಎದ್ದು, ಅರ್ಧ ಪುಟದಲ್ಲಿಲ್ಲದ ಪ್ರಶ್ನೆಯೊಂದನ್ನು ಕೇಳಿದ. "ಹೊರಗೆ ಬಂದಾಗ ನಿಮ್ಮ ಕೈಯಲ್ಲಿ ಏನಿತ್ತು?" ಏನೂ ಇರಲಿಲ್ಲ ಎನ್ನಬಹುದಿತ್ತು. ಹುಡುಗಿ ಗಾಬರಿಯಲ್ಲಿ, ಬಾಯಿಗೆ ಬಂದದ್ದನ್ನು ಅಂದಳು. "ಕೊಡೆ." ಮಳೆ ಬರುತ್ತಿತ್ತಾ ಎಂದ. ಇಲ್ಲ ಎಂದಳು. ಅವನು ಸಭೆಯ ಕಡೆ ತಿರುಗಿ, ನಿಧಾನವಾಗಿ, ಒಂದೊಂದೇ ಮಾತು ಇಳಿಸಿದ. "ಹೊರದೂಡಿಸಿಕೊಂಡವಳಿಗೆ ಕೊಡೆ ಹುಡುಕೋಕೆ ಪುರುಸೊತ್ತು ಸಿಕ್ಕಿತಾ?" ಸಭೆ ನಕ್ಕಿತು. ಆ ನಗೆಗೆ ಅವಳು ಅತ್ತಳು. ಅಳುವುದನ್ನು ನೋಡಿ ಇನ್ನಷ್ಟು ನಕ್ಕರು. ಬಟ್ಟಲು ಅವನಿಗೆ ಹೋಯಿತು.

ಅಷ್ಟಕ್ಕೇ ಮುಗಿದಿದ್ದರೆ ಅದೊಂದು ಕಾಲೇಜಿನ ತಮಾಷೆ. ಕೊಡೆಯ ಸವಾಲು ಸ್ಪರ್ಧೆಯ ಪಾಠವಾಗಿ ನಿಂತಿತು. ಸೀನಿಯರು ಜೂನಿಯರಿಗೆ ಹೇಳಿಕೊಟ್ಟು, ಪ್ರತಿ ವರ್ಷ ಪ್ರತಿಯೊಬ್ಬ ಸ್ಪರ್ಧಿಯೂ ಅದನ್ನೇ ಕೇಳುತ್ತಿದ್ದ. "ಹೊರದೂಡಿಸಿಕೊಂಡವಳಿಗೆ..." ಎಂದು ಅವನು ನಿಲ್ಲಿಸಿದರೆ ಉಳಿದ ಸಾಲನ್ನು ಸಭೆಯೇ ಹೇಳುತ್ತಿತ್ತು. ಉಪನ್ಯಾಸಕಿಗೆ ಈ ಕ್ರಮ ಹೊಸದಲ್ಲ. ಅವಳನ್ನು ಸಾಕಿದ ದೊಡ್ಡಮ್ಮ ಸಂಜೆಯ ಹೊತ್ತು ಪದ್ಯ ಓದುವವರು. ಸಾಲಿನ ನಡುವೆ ಉಸಿರು ಹಿಡಿದು ನಿಂತರೆ ಕೇಳುತ್ತ ಕೂತವರು ಉಳಿದದ್ದನ್ನು ಪೂರ್ತಿ ಮಾಡುತ್ತಿದ್ದರು. ಆ ಮನೆಯಲ್ಲಿ ದೇವರ ಹೆಸರಿಗೆ ಸಲ್ಲುತ್ತಿದ್ದ ಭಕ್ತಿ ಈ ಕಾಲೇಜಿನಲ್ಲಿ ಕೊಡೆಗೆ ಸಲ್ಲುತ್ತಿತ್ತು.

ಆಮೇಲೆ ಯುವಕ ವಕೀಲನಾದ, ವಕೀಲ ನ್ಯಾಯಮೂರ್ತಿಯಾದ. ಒಂದು ದಿನ ಅವನ ಮುಂದೆ ನಿಜವಾದ ಹೆಂಡತಿಯೊಬ್ಬಳ ನಿಜವಾದ ಮೊಕದ್ದಮೆ ಬಂತು. ಹೊರಗೆ ನಿಂತಾಗ ಅವಳ ಹೆಗಲಿಗೆ ಕೈಚೀಲವಿತ್ತು. ನ್ಯಾಯಮೂರ್ತಿ ತೀರ್ಪಿನಲ್ಲಿ ಬರೆದ: ಹೊರದೂಡಲ್ಪಟ್ಟ ಹೆಂಗಸು ಕೊಡೆ ಹುಡುಕುವುದಿಲ್ಲ. ಆ ಮೊಕದ್ದಮೆಯಲ್ಲಿ ಕೊಡೆಯೇ ಇರಲಿಲ್ಲ. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಪಠ್ಯಪುಸ್ತಕಗಳು ಆ ಸಾಲನ್ನು ಎತ್ತಿಕೊಂಡು 'ಕೊಡೆಯ ತತ್ವ' ಎಂದು ನಾಮಕರಣ ಮಾಡಿದವು. ಕೆಳಗಿನ ಕೋರ್ಟುಗಳು ಕಣ್ಣಿಗೊತ್ತಿಕೊಂಡವು. ಒಬ್ಬಳು ಕಾಲಿಗೆ ಚಪ್ಪಲಿ ಮೆಟ್ಟಿದ್ದಳೆಂದು ಸೋತಳು. ಒಬ್ಬಳು ಮಗುವಿನ ಸ್ವೆಟರು ಹಿಡಿದಿದ್ದಳೆಂದು ಸೋತಳು. ಇನ್ನೊಬ್ಬಳ ಮೂಗಿನ ಮೇಲೆ ಕನ್ನಡಕವಿತ್ತು. ಕನ್ನಡಕ ಹಾಕಿಕೊಳ್ಳುವಷ್ಟು ಸಾವಧಾನವಿದ್ದ ಕಾರಣ ಆಕೆಯ ನಿರ್ಗಮನ ಸ್ವಇಚ್ಛೆಯದು ಎಂದು ತೀರ್ಪು ಓದಿದ ಮಹಾನುಭಾವನೂ ಕನ್ನಡಕ ಹಾಕಿಕೊಂಡೇ ಓದಿರಬೇಕು.

ಉಪನ್ಯಾಸಕಿ ಇದನ್ನೆಲ್ಲ ಹುಡುಕಿ, ಕೊಡೆ ಮೊದಲು ಯಾವ ಕೈಯಲ್ಲಿತ್ತೆಂದು ತೋರಿಸಿ, ಒಂದು ಪ್ರಬಂಧ ಬರೆದು ಕಾಲೇಜಿನ ಪತ್ರಿಕೆಗೆ ಕೊಟ್ಟಿದ್ದಳು. ಸಂಪಾದಕರಾದ ನ್ಯಾಯಶಾಸ್ತ್ರದ ಪ್ರೊಫೆಸರು ಒಂದು ವರ್ಷ ಇಟ್ಟುಕೊಂಡು ಹಿಂತಿರುಗಿಸಿದರು. ಪಾಂಡಿತ್ಯವಿದೆ, ಹಾಸ್ಯಪ್ರಜ್ಞೆ ಕಡಿಮೆ ಎಂದರು. ಅಚ್ಚಾಗದ ಪ್ರಬಂಧವನ್ನೇ ಅವಳು ಪಾಠವಾಗಿ ಮಾಡಿಕೊಂಡಳು.

ಶನಿವಾರ ಮೂಲೆ ಕೋಣೆಯಲ್ಲಿ ಅವಳು ತೀರ್ಪು ಓದಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು ನೇರವಾಗಿ ಹೇಳಿದಳು.

"ಸ್ಪರ್ಧೆಗೆ ಹೆಂಡತಿ ಬೇಕಂತೆ. ಕೇಳಿ ಅಂದ್ರು, ಕೇಳ್ತಿದ್ದೀನಿ."

ಎದ್ದದ್ದು ಕೊನೆಯ ವರ್ಷದ ಹುಡುಗಿ, ಮಾತು ಮಾತಿಗೂ ಎದ್ದು ನಿಲ್ಲುವ ಗುಣದಿಂದ ತಕರಾರು ಎಂದು ಹೆಸರಾದವಳು.

"ನಾನು ಹೆಸರು ಕೊಟ್ಟಿದ್ದೆ ಮೇಡಂ. ಹೆಂಡತಿಗಲ್ಲ, ಪಾಟೀಸವಾಲು ಮಾಡೋಕೆ. ವಾಪಸ್ ಬಂತು."

"ಏನಂತೆ?"

"ಹೆಂಗಸಿಗೆ ಹೆಂಗಸೇ ಸವಾಲು ಹಾಕಿದ್ರೆ ನಲ್ಲಿ ಹತ್ರದ ಜಗಳ ಇದ್ದ ಹಾಗಿರುತ್ತಂತೆ. ಸರಿ, ಹಾಗಾದ್ರೆ ಕೋಟಿಗೆ ಹಾಕ್ತೀನಿ ಅಂದೆ. ಕೋಟು ಸಾಕ್ಷಿ ಅಲ್ಲ, ಪಕ್ಷಗಾರ ಅಂದ್ರು. ಪಕ್ಷಗಾರನೂ ಕಟ್ಟೆ ಹತ್ತಬಹುದಲ್ಲ ಸರ್ ಅಂದೆ. ಕೋಟಿಗೆ ಹುಷಾರಿಲ್ಲ ಅಂದ್ರು."

ತರಗತಿ ನಕ್ಕಿತು. ಉಪನ್ಯಾಸಕಿಯೂ ನಕ್ಕಳು. ಈ ಕೋಣೆಯ ನಗು ಬೇರೆ ಥರ ಕೇಳಿಸುತ್ತದೆಂದು ಅವಳಿಗೆ ಯಾವಾಗಲೂ ಅನಿಸುತ್ತಿತ್ತು. ಯಾರ ಮೇಲೂ ಬಂದು ಬೀಳುವ ನಗುವಲ್ಲ ಅದು.

ತಕರಾರು ಕೂರಲಿಲ್ಲ. "ಒಂದು ಮಾತು ಮೇಡಂ. ಹುಡುಗಿ ಸಿಕ್ಕಿದ್ರೆ ನಮ್ಮ ಕೋರ್ಸು ಉಳಿಯುತ್ತೆ ಅಂತ ಕಾರಿಡಾರಲ್ಲೆಲ್ಲ ಮಾತು. ನೀವು ನಿಲ್ಲು ಅಂದ್ರೆ ನಾನು ನಿಲ್ತೀನಿ. ಆದ್ರೆ ಇಲ್ಲಿ ಕಲಿತದ್ದನ್ನ ಮರೆತು ನಿಲ್ಲಬೇಕಾ, ನೆನಪಿಟ್ಕೊಂಡು ನಿಲ್ಲಬೇಕಾ? ನೆನಪಿಟ್ಕೊಂಡ್ರೆ ನಂಗೆ ಅಳು ಬರಲ್ಲ."

ಉಪನ್ಯಾಸಕಿ ಕಿಟಕಿಯಾಚೆ ನೋಡಿದಳು. ಕೆಳಗೆ ಅಂಗಳದಲ್ಲಿ ಸಾಕ್ಷಿಕಟ್ಟೆಗೆ ಹೊಸ ವಾರ್ನಿಷು ಬಳಿಯುತ್ತಿದ್ದರು. ಕಟ್ಟೆ ಎಂದರೆ ಸೊಂಟದೆತ್ತರದ ಮರದ ಪೆಟ್ಟಿಗೆ, ಒಂದು ಕಡೆ ಪುಟ್ಟ ಬಾಗಿಲು. ಆ ಬಾಗಿಲ ಚಿಲಕ ಹೊರಗೆ, ಒಳಗಿನವರ ಕೈಗೆಟುಕದಷ್ಟು ಕೆಳಗಿದೆ. ಒಳಗೆ ಹೋದವರು ತಾವಾಗಿ ತೆಗೆದುಕೊಂಡು ಬರುವಂತಿಲ್ಲ. ಇದನ್ನು ಕೊಡೆಯ ತತ್ವ ಬರೆದವರು ಯಾರೂ ಗಮನಿಸಿರಲಿಲ್ಲ.

"ನಿಲ್ಲಬೇಡ," ಎಂದಳು. "ಯಾರೂ ನಿಲ್ಲಬೇಡಿ. ಪುಸ್ತಕ ತೆಗೀರಿ."

ಪ್ರಿನ್ಸಿಪಾಲರಿಗೆ ಅದನ್ನೇ ಹೇಳಿದಳು: ಯಾರೂ ಬರುವುದಿಲ್ಲ ಸರ್. ಅವರಿಗೆ ಸಿಟ್ಟು ಬರಲಿಲ್ಲ. ಅವರ ಮುಖದಲ್ಲಿ ಅದಕ್ಕಿಂತ ಕೆಟ್ಟದ್ದು ಮೂಡಿತು, ಒಂದು ಒಳ್ಳೆಯ ಯೋಚನೆ.

"ಹಾಗಾದ್ರೆ ನೀವೇ."

"ನಾನೇ ಅಂದ್ರೆ?"

"ನೀವೇ ಹತ್ತಿ ಮೇಡಂ. ನ್ಯಾಯಮೂರ್ತಿಗಳೇ ಬಂದಿರ್ತಾರೆ, ಅವರೇ ಆ ಎರಡು ಪ್ರಶ್ನೆ ಕೇಳ್ತಾರೆ, ಐದೇ ನಿಮಿಷ. ಹಳೇ ಫೋಟೊ ಪಕ್ಕ ಹೊಸ ಫೋಟೊ. ಅಳಲೇಬೇಕು ಅಂತೇನಿಲ್ಲ, ವಯಸ್ಸಾಯ್ತು, ಕರವಸ್ತ್ರ ಹಿಡ್ಕೊಂಡ್ರೂ ಸಾಕು. ನ್ಯಾಯಮೂರ್ತಿಗಳಿಗೆ ಫೋನಲ್ಲಿ ಹೇಳ್ತೀನಿ, ಎಷ್ಟು ಖುಷಿ ಪಡ್ತಾರೆ ನೋಡಿ." ಮಾತಾಡುತ್ತಲೇ ಅವಳ ಕಡತದ ಮೇಲೆ ಬೆರಳು ಬಡಿದರು. "ಇದಕ್ಕೆ ಅವತ್ತೇ ಸಹಿ. ವೇದಿಕೆ ಮೇಲೇ ಬೇಕಾದ್ರೂ ಹಾಕ್ತೀನಿ."

ಅವಳು ಬಾಯಿ ತೆರೆಯುವಷ್ಟರಲ್ಲಿ ಅವರು ಫೋನು ಎತ್ತಿಕೊಂಡು, ಬಾಗಿಲ ಕಡೆ ಕೈ ತೋರಿಸಿದರು. ಒಬ್ಬರ ಒಪ್ಪಿಗೆ ಬಂತೋ ಇಲ್ಲವೋ ನೋಡುವುದು ಕಾನೂನು ಕಲಿಸುವವರ ಕೆಲಸ. ಅವರು ಬಹಳ ಕಾಲದಿಂದ ಕಲಿಸುವುದನ್ನು ಬಿಟ್ಟಿದ್ದರು.

ಮನೆಯಲ್ಲಿ ದೊಡ್ಡಮ್ಮ ಒಗೆದ ಬಟ್ಟೆ ಮಡಿಸುತ್ತ, ನಡುವೆ ನಡುವೆ ಒಂದು ಪದ್ಯವನ್ನು ತಮಗೇ ಹೇಳಿಕೊಳ್ಳುತ್ತ ಕೂತಿದ್ದರು. ಕಣ್ಣು ಮಂಜಾದ ಮೇಲೆ ಪುಸ್ತಕ ಬಿಟ್ಟಿದ್ದರು, ಬಾಯಿಪಾಠ ಬಿಟ್ಟಿರಲಿಲ್ಲ. ಉಪನ್ಯಾಸಕಿ ಚಪ್ಪಲಿ ಬಿಟ್ಟು, ಎದುರಿಗೆ ಕೂತು, ನಡೆದದ್ದನ್ನು ಹೇಳಿದಳು.

"ಐದು ನಿಮಿಷ ತಾನೇ," ಎಂದರು ದೊಡ್ಡಮ್ಮ. "ಹತ್ತಿ ಇಳಿ. ನಿನ್ನ ಪಾಠ ಉಳಿಯುತ್ತಲ್ಲ."

"ನಿಜವಾಗ್ಲೂ ಹೇಳ್ತಿದ್ದೀಯಾ?"

"ಪರೀಕ್ಷೆ ಮಾಡ್ತಿದ್ದೀನಿ. ಮುಖ ಕಾಣ್ಸಲ್ಲ ನಂಗೆ, ದನಿ ಕೇಳ್ಬೇಕು." ಒಂದು ಟವೆಲನ್ನು ಮಂಡಿಯ ಮೇಲೆ ಹರವಿ ಸವರಿದರು. "ಅವತ್ತು ಕೊಟ್ಟ ಕರವಸ್ತ್ರ ಇನ್ನೂ ಎರಡು ಇದೆ ಕಣೇ. ಕನ್ನಡಕ ಒರೆಸ್ತೀನಿ. ಬಟ್ಟೆ ಮಾತ್ರ ಒಳ್ಳೇದು, ಸುಳ್ಳು ಹೇಳಬಾರದು."

ಇಬ್ಬರೂ ನಕ್ಕರು.

"ಆದ್ರೆ ಆ ಕೊಡೆ ನಿಂಗೆ ಯಾಕೆ ಬಾಯಿಗೆ ಬಂತು ಅಂತ ಯಾವತ್ತೂ ಹೇಳಲಿಲ್ಲ ನೀನು," ಎಂದರು ದೊಡ್ಡಮ್ಮ.

"ನಿನ್ನಿಂದ."

"ನನ್ನ ಹತ್ರ ಎಲ್ಲಿತ್ತು ಕೊಡೆ?"

"ಕೊಡೆ ಅಲ್ಲ, ಹಾಲಿನ ಪಾತ್ರೆ."

ದೊಡ್ಡಮ್ಮನ ಕೈ ನಿಂತಿತು. ಆ ಕತೆ ಮನೆಯಲ್ಲೆಲ್ಲ ಗೊತ್ತು. ಮದುವೆಯಾದ ಎರಡನೇ ವರ್ಷ ಗಂಡ ಅವರನ್ನು ಅಡಿಗೆಮನೆಯಿಂದಲೇ ರಟ್ಟೆ ಹಿಡಿದು ಹೊರಗೆ ಹಾಕಿದ್ದ. ಆಗಷ್ಟೇ ಒಲೆಯಿಂದ ಇಳಿಸಿದ ಹಾಲಿನ ಪಾತ್ರೆ ಕೈಯಲ್ಲಿತ್ತು. ಕೆಳಗಿಡಲು ಬಿಡಲಿಲ್ಲ. ಅದನ್ನು ಹಿಡಿದುಕೊಂಡೇ ಮೂರು ಬೀದಿ ನಡೆದು ತಂಗಿಯ ಮನೆಗೆ ಬಂದರು. ಹಾಲು ಚೆಲ್ಲದೆ ಬಂದಳು ನೋಡಿ ನಮ್ಮಕ್ಕ ಎಂದು ತಂಗಿ ಹೇಳಿಕೊಂಡು ನಗುತ್ತಿದ್ದಳು. ಆ ಮನೆಯಲ್ಲಿ ಬೆಳೆದ ಹುಡುಗಿಗೆ, ಹೊರದೂಡಿಸಿಕೊಂಡವಳ ಕೈಯಲ್ಲಿ ಏನಾದರೊಂದು ಇರುತ್ತದೆ ಎಂಬುದು ಬುದ್ಧಿ ಬರುವ ಮುಂಚೆಯೇ ತಿಳಿದಿತ್ತು.

"ಅಂಗೈ ಸುಟ್ಟಿತ್ತು," ಎಂದರು ದೊಡ್ಡಮ್ಮ. "ಪಾತ್ರೆ ಬಿಸಿ ಇತ್ತಲ್ಲ. ಅದನ್ನ ಯಾರೂ ಕೇಳಲಿಲ್ಲ. ನಿಮ್ಮಮ್ಮನೂ ಕೇಳಲಿಲ್ಲ, ಹಾಲು ಇಸ್ಕೊಂಡು ಕಾಫಿ ಮಾಡಿದ್ಲು." ಮತ್ತೆ ಬಟ್ಟೆ ಮಡಿಸತೊಡಗಿದರು. ಪದ್ಯ ಬಿಟ್ಟಲ್ಲಿಂದ ಮುಂದುವರಿಯಿತು.

ಸ್ಪರ್ಧೆಯ ದಿನ ಸಭಾಂಗಣಕ್ಕೆ ವಾರ್ನಿಷಿನ ವಾಸನೆ. ವೇದಿಕೆಯ ಎಡಕ್ಕೆ ಸಾಕ್ಷಿಕಟ್ಟೆ, ಬಲಕ್ಕೆ ಕೋಟು ತೊಟ್ಟ ಕುರ್ಚಿ. ಕೋಟಿನ ಜೇಬಿಗೆ ಯಾರೋ ಒಂದು ಗುಲಾಬಿ ಸಿಕ್ಕಿಸಿದ್ದರು. ನಡುವಿನ ಮೇಜಿನ ಮೇಲೆ ಬೆಳ್ಳಿ ಬಟ್ಟಲು, ಅದರ ಪಕ್ಕ ಕೆಂಪು ರಿಬ್ಬನ್ ಕಟ್ಟಿದ ಹೊಸ ಕೊಡೆ. ಪ್ರಿನ್ಸಿಪಾಲರು ಸ್ವತಃ ಅಂಗಡಿಗೆ ಹೋಗಿ ಆರಿಸಿ ತಂದದ್ದಂತೆ. ನಾಲ್ಕಾರು ಬಿಚ್ಚಿ ನೋಡಿದರಂತೆ.

ಉಪನ್ಯಾಸಕಿ ಮುಂದಿನ ಸಾಲಿನಲ್ಲಿ ಕೂರಲಿಲ್ಲ. ಸಭಾಂಗಣದ ನಡುವೆ, ಮೂಲೆ ಕೋಣೆಯ ಹುಡುಗಿಯರ ಜೊತೆ ಕೂತಿದ್ದಳು. ಪಕ್ಕದಲ್ಲಿ ತಕರಾರು. ಪ್ರಿನ್ಸಿಪಾಲರು ಎರಡು ಸಲ ಬಂದು, ಮುಂದೆ ಬನ್ನಿ ಎಂದು ಸನ್ನೆ ಮಾಡಿ ಹೋದರು. ಎರಡನೇ ಸಲ ಅವರ ಕಂಕುಳಲ್ಲಿ ಕಡತವಿತ್ತು.

ನ್ಯಾಯಮೂರ್ತಿಗಳು ಮಾತಿಗೆ ನಿಂತರು. ಮೈ ತುಂಬಿತ್ತು, ಕೂದಲು ಬೆಳ್ಳಗಾಗಿತ್ತು, ದನಿ ಮಾತ್ರ ಅದೇ: ಕೇಳುವವರು ತನ್ನವರೇ ಎಂದು ಖಾತ್ರಿಯಿರುವ ದನಿ. ಸಮಾನತೆಯ ಬಗ್ಗೆ ಬಹಳ ಹೊತ್ತು ಹೇಳಿದರು. ಹೆಂಗಸರನ್ನು ಗೌರವಿಸುವುದನ್ನು ತಾವು ಕಲಿತದ್ದು ಈ ಕಾಲೇಜಿನಲ್ಲೇ ಎಂದರು. ಕಾನೂನಿಗೆ ಗಂಡು ಹೆಣ್ಣು ಎಂಬ ಭೇದವಿಲ್ಲ, ಅದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದೆ ಎಂದರು. ತಕರಾರು ಪಿಸುಗುಟ್ಟಿದಳು. "ಕರವಸ್ತ್ರ ಇರ್ಬೇಕು ಮೇಡಂ."

ಆಮೇಲೆ ಆ ದಿನದ ಕತೆಗೆ ಬಂದರು. ಕಟ್ಟೆಯಲ್ಲಿ ನಿಂತ ಮುಗ್ಧ ಹುಡುಗಿ, ತಾನಿನ್ನೂ ಮೀಸೆ ಮೂಡದ ಹುಡುಗ, ಹೊಳೆದ ಒಂದೇ ಒಂದು ಪ್ರಶ್ನೆ. ಮೇಜಿನಿಂದ ಕೊಡೆಯನ್ನು ಕೈಗೆತ್ತಿಕೊಂಡು, ಸಭೆಯ ಕಡೆ ತಿರುಗಿ, ನಿಧಾನವಾಗಿ ಅಂದರು.

"ಹೊರದೂಡಿಸಿಕೊಂಡವಳಿಗೆ..."

ನಿಲ್ಲಿಸಿದರು. ಮುಂದಿನ ಸಾಲುಗಳು ಉಳಿದದ್ದನ್ನು ಒಕ್ಕೊರಲಿನಿಂದ ಹೇಳಿದವು. ಹಿಂದಿನ ಗ್ಯಾಲರಿ ಹೇಳಿತು. ನಡುವಿನ ಮೂರು ಸಾಲು ಹೇಳಲಿಲ್ಲ. ಪದ್ಯ ಕೇಳಿ ಬೆಳೆದ ಉಪನ್ಯಾಸಕಿಯ ಕಿವಿಗೆ, ಆ ದೊಡ್ಡ ಸದ್ದಿನ ನಡುವೆ, ಆ ಮೂರು ಸಾಲಿನ ತೂತು ಚೆನ್ನಾಗಿ ಕೇಳಿಸಿತು. ನ್ಯಾಯಮೂರ್ತಿಗಳಿಗೆ ಕೇಳಿಸಿದಂತೆ ಕಾಣಲಿಲ್ಲ. ಅವರಿಗೆ ಚಪ್ಪಾಳೆ ಕೇಳುವ ಅಭ್ಯಾಸ.

"ಆ ಸಾಕ್ಷಿ ಇವತ್ತು ನಮ್ಮ ಮಧ್ಯೆ ಇದ್ದಾರೆ," ಎಂದರು. "ಅಂಥಾ ಸಾಕ್ಷಿ ನನ್ನ ವೃತ್ತಿಯಲ್ಲಿ ಇನ್ನೊಬ್ಬರು ಸಿಗಲಿಲ್ಲ. ಬನ್ನಿ ಮೇಡಂ. ಹಳೇ ಲೆಕ್ಕ ಒಮ್ಮೆ ನೋಡಿಬಿಡೋಣ."

ಚಪ್ಪಾಳೆ ತಾಳಕ್ಕೆ ಬಿತ್ತು. ಯಾರೋ ಓಡಿ ಹೋಗಿ ಕಟ್ಟೆಯ ಬಾಗಿಲು ತೆರೆದು ಹಿಡಿದರು. ಪ್ರಿನ್ಸಿಪಾಲರು ವೇದಿಕೆಯ ಮೇಲೆ ಕಡತ ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದು, ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡರು. ಸಹಿ ಮಾಡುವ ಜಾಗ ಖಾಲಿಯಿತ್ತು.

ಉಪನ್ಯಾಸಕಿ ಎದ್ದು ನಿಂತಳು. ಮೂರು ವರ್ಷದ ಶನಿವಾರಗಳು, ಮೂಲೆ ಕೋಣೆಯ ಬಾಗಿದ ಕರಿಹಲಗೆ, ಪಕ್ಕದಲ್ಲಿ ಕೂತ ಹುಡುಗಿ, ಎಲ್ಲವೂ ಆ ಪೆನ್ನಿನ ತುದಿಯಲ್ಲಿದ್ದವು. ಅವಳು ನಿಂತಲ್ಲಿಂದ ಕದಲಲಿಲ್ಲ. ದನಿ ಎತ್ತಲೂ ಇಲ್ಲ, ಆದರೆ ತೀರ್ಪುಗಳನ್ನು ಓದಿ ಓದಿ ಪಳಗಿದ ಆ ದನಿಗೆ ಮೈಕು ಬೇಕಿರಲಿಲ್ಲ.

"ಆ ಕೊಡೆ ಇರಲಿಲ್ಲ ಸರ್."

"ಏನಂದ್ರಿ?"

"ಬರೆದುಕೊಟ್ಟ ಕತೆಯಲ್ಲಿ ಕೊಡೆ ಇರಲಿಲ್ಲ. ನೀವು ಕೇಳಿದ್ರಿ, ನಾನು ಗಾಬರಿಯಲ್ಲಿ ಹೇಳಿದೆ. ನಾಟಕದ ಕೊಡೆ ಅದು. ನೀವು ಅದನ್ನ ನಿಜವಾದ ಹೆಂಗಸಿನ ತೀರ್ಪಲ್ಲಿ ಬರೆದ್ರಿ. ಆಮೇಲೆ ಸೋತವರನ್ನೆಲ್ಲ ನಾನು ಓದಿದ್ದೀನಿ. ಒಬ್ಬಳು ಕನ್ನಡಕ ಹಾಕ್ಕೊಂಡಿದ್ದಕ್ಕೆ ಸೋತಳು."

ಚಪ್ಪಾಳೆ ಒಂದೊಂದೇ ಕಡೆ ನಿಂತಿತು. ನ್ಯಾಯಮೂರ್ತಿಗಳು ಕ್ಷಣ ಹೊತ್ತು ಕೈಯಲ್ಲಿನ ಕೊಡೆಯನ್ನು, ಅದನ್ನು ಅಲ್ಲಿಟ್ಟವರು ಯಾರೆಂದು ನೆನಪಿಸಿಕೊಳ್ಳುವವರಂತೆ, ನೋಡಿದರು. ಆಮೇಲೆ ತಲೆ ಹಿಂದಕ್ಕೆ ಹಾಕಿ ನಕ್ಕರು. ಒಳ್ಳೆಯ, ತುಂಬಿದ ನಗು. ಕನ್ನಡಕದವಳ ಬಗ್ಗೆ ಒಂದು ಮಾತೂ ಇಲ್ಲ.

"ನೋಡಿದ್ರಾ," ಎಂದರು ಸಭೆಗೆ. "ಇದಕ್ಕೇ ನಾನು ಹೇಳಿದ್ದು, ಒಳ್ಳೇ ಸಾಕ್ಷಿ ಅಂತ. ವಯಸ್ಸಾದ ಹಾಗೆ ರುಚಿ ಹೆಚ್ಚಾಗಿದೆ." ಸಭೆಗೆ ಉಸಿರು ಬಂತು, ನಕ್ಕಿತು. "ಆದ್ರೆ ಮೇಡಂ, ನಿಮಗೇ ಗೊತ್ತು, ಅಲ್ಲಿ ನಿಂತು ಹೇಳಿದ್ದು ಸಾಕ್ಷ್ಯ ಆಗಲ್ಲ. ಇದನ್ನೇ ಕಟ್ಟೆ ಹತ್ತಿ ಹೇಳಿ. ಪ್ರಮಾಣ ಮಾಡಿ ಹೇಳಿ. ನಾನು ಎರಡೇ ಪ್ರಶ್ನೆ ಕೇಳ್ತೀನಿ, ನೀವು ಉತ್ತರ ಕೊಡಿ, ಅಲ್ಲಿಗೆ ಸರಿಹೋಯ್ತು. ನಿಮ್ಮ ಪಾಠದ ವಿಷಯ ಪ್ರಿನ್ಸಿಪಾಲರು ಹೇಳಿದ್ರು. ಪರಿಷತ್ತಿಗೆ ನಾನೇ ಒಂದು ಮಾತು ಹಾಕ್ತೀನಿ. ಪಾಠ ಉಳಿಯುತ್ತೆ." ಕೊಡೆಯನ್ನು, ಹಿಡಿಯನ್ನು ಅವಳ ಕಡೆಗೆ ಮಾಡಿ, ವೇದಿಕೆಯ ಅಂಚಿಗೆ ಚಾಚಿದರು. "ಬನ್ನಿ. ಒಂದು ಸಲ. ನಾನೇ ಕೇಳ್ಕೋತಿದ್ದೀನಿ."

ಕಟ್ಟೆಯ ಬಾಗಿಲು ತೆರೆದೇ ಇತ್ತು. ಚಿಲಕ ಹೊರಗಡೆ ತೂಗುತ್ತಿತ್ತು.

"ಬರೋದಿಲ್ಲ," ಎಂದಳು ಉಪನ್ಯಾಸಕಿ.